ನಾತಾಲಿನ್ ಮೌಶಿಯ ಕೆಂಪು ಫುಲಾ

ನಮ್ಮ ಇಗರ್ಜಿಗೆ ಹೊರಗಿನವರು ಯಾರೇ ಬರಲಿ, ಮೊದಲು ನೋಡುವುದು ಬಲಿಪೀಠದ ಹಿಂದಿನ ಗೋಡೆಗೆ ತೂಗುಹಾಕಿದ ಕೌದಿಯನ್ನು. ಗೋಡೆಯಷ್ಟೇ ಅಗಲದ ಕೌದಿ, ನಡುವೆ ಬಿಳಿ ಶಿಲುಬೆ, ಶಿಲುಬೆಯ ಬುಡದಲ್ಲಿ ಒಂದು ಕೆಂಪು ಕಲೆ. ಕಲೆಯ ಹತ್ತಿರ ಬಂದಾಗ ಎಲ್ಲರ ದನಿಯೂ ತಗ್ಗುತ್ತದೆ. ಯೇಸುವಿನ ರಕ್ತವನ್ನು ಎಷ್ಟು ಚೆಂದ ಮೂಡಿಸಿದ್ದಾರೆ ನೋಡಿ ಎನ್ನುತ್ತಾರೆ, ಫೋಟೊ ತೆಗೆಯುತ್ತಾರೆ, ಕೆಲವರಂತೂ ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಮೈ ಉರಿಯುತ್ತದೆ. ಅದು ಯಾರ ರಕ್ತವೂ ಅಲ್ಲ. ಸಂತೆಯಲ್ಲಿ ತಂದ ಒಂದು ತುಂಡು ಹೊಸ ಬಟ್ಟೆ ಬಿಟ್ಟ ಬಣ್ಣ ಅದು. ತಂದವಳು ನಾತಾಲಿನ್ ಮೌಶಿ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವಳೂ ತೀರಿಕೊಂಡಳು. ಇನ್ನು ಹೇಳಿದರೆ ಅವಳಿಗೆ ನಾಚಿಕೆಯಾಗುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಮೌಶಿ ನನ್ನ ಅವ್ವನ ಚಿಕ್ಕಮ್ಮನ ಮಗಳು. ನಮ್ಮ ಬೇಣದವಾಡದಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದು ತಟ್ಟಿಗೋಡೆ, ಅಷ್ಟೇ. ಅವಳು ನಶ್ಯ ಸೇದಿ ಸೀನಿದರೆ ನಮ್ಮ ಬೆಕ್ಕು ಎದ್ದು ಓಡುತ್ತಿತ್ತು. ನಾವು ಸಿದ್ದಿಯರು, ನಮ್ಮ ಹೆಂಗಸರಿಗೆ ಕೌದಿ ಹೊಲಿಯುವುದು ಬರದೆ ಇರುವುದು ಕಡಿಮೆ. ಆದರೂ ಕೂಸಿನ ಕೌದಿ ಎಂದರೆ ಮೌಶಿಯೇ ಆಗಬೇಕು. ವಾಡದಲ್ಲಿ ಯಾರಿಗೆ ದಿನ ತುಂಬಿದರೂ ಅವರ ಅತ್ತೆಯೋ ಅವ್ವನೋ ಹಳೆಯ ಸೀರೆ ಗಂಟು ಕಟ್ಟಿಕೊಂಡು ಇವಳ ಜಗಲಿಗೆ ಬರುತ್ತಿದ್ದರು. ನನ್ನ ಮೂರೂ ಮಕ್ಕಳು ಅವಳು ಹೊಲಿದ ಕೌದಿಯಲ್ಲೇ ಬೆಳೆದವು. ನನ್ನ ಹೊಲಿಗೆಯನ್ನು ಮಾತ್ರ ಅವಳು ಒಂದು ದಿನವೂ ಮೆಚ್ಚಲಿಲ್ಲ. "ಜೂನಾ, ನಿನ್ನ ಎರಡು ಹೊಲಿಗಿ ನಡುವ ಎಮ್ಮಿ ದಾಟಿ ಹೋಗ್ತೈತಿ ನೋಡು" ಎಂದು ನಗುತ್ತಿದ್ದಳು.

ಅವಳ ಗಂಡ ಬಸ್ತ್ಯಾವ ಜೇನು ಕೀಳಲು ಹೋಗಿ ಮರದಿಂದ ಬಿದ್ದು ಸತ್ತಾಗ ಮಗಳು ರೆಮೆದಿ ಇನ್ನೂ ಅಂಬೆಗಾಲಿಡುತ್ತಿದ್ದಳು. ಆಮೇಲೆ ಮೌಶಿ ಅರಣ್ಯದ ನರ್ಸರಿಯಲ್ಲಿ ಸಸಿಗೆ ಮಣ್ಣು ತುಂಬುವ ಕೂಲಿ ಮಾಡಿದಳು, ಗೌಡರ ಗದ್ದೆಯಲ್ಲಿ ನಾಟಿ ಮಾಡಿದಳು, ಹೇಗೋ ಇಬ್ಬರ ಹೊಟ್ಟೆ ನಡೆಯಿತು. ರೆಮೆದಿಗೆ ಹತ್ತು ವರ್ಷವಾದಾಗ ಗೋವೆಯ ಒಬ್ಬ ಬಾಯಿ, ಉಳ್ಳವರ ಮನೆಯ ಹೆಂಗಸು, ಬಂದಳು. ಆಗ ನಮ್ಮ ಹುಡುಗಿಯರು ಗೋವೆಯ ಮನೆಗಳಿಗೆ ಕೆಲಸಕ್ಕೆ ಹೋಗುವುದು ಹೊಸದೇನಲ್ಲ. ಕೂಸು ನೋಡಿಕೊಂಡಿದ್ದರೆ ಸಾಕು, ಶಾಲೆಗೆ ಹಾಕುತ್ತೇವೆ, ಕ್ರಿಸ್ಮಸ್ಸಿಗೆ ಕಳಿಸುತ್ತೇವೆ ಎಂದಳು. ಬರುವಾಗಲೇ ಒಂದು ಕೆಂಪು ಫ್ರಾಕು ತಂದಿದ್ದಳು. ರೆಮೆದಿ ಅಂಗಳದಲ್ಲೇ ತನ್ನ ಹಳೆಯ ಲಂಗ ಕಳಚಿ ಎಸೆದು ಫ್ರಾಕು ತೊಟ್ಟು ಗಿರಗಿರ ತಿರುಗಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆ ಫ್ರಾಕಿನ ಸಂಭ್ರಮದಲ್ಲಿ ಬಸ್ಸು ಹತ್ತುವಾಗ ಅವಳು ಅವ್ವನ ಕಡೆಗೆ ತಿರುಗಿ ಸಹ ನೋಡಲಿಲ್ಲ.

ಆ ಕ್ರಿಸ್ಮಸ್ಸಿಗೆ ಅವಳು ಬರಲಿಲ್ಲ, ಮುಂದಿನದಕ್ಕೂ ಬರಲಿಲ್ಲ. ಮೊದಮೊದಲು ಬಸ್ಸು ನಿಲ್ಲುವ ನಾಕಾದ ಅಂಗಡಿಯ ಫೋನಿಗೆ ಆಗಾಗ ಕರೆ ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಮೌಶಿ ನಮ್ಮ ಗುರ್ಕಾರ ಇನಾಸ ಮಾಮನನ್ನು ಕರೆದುಕೊಂಡು ಗೋವೆಯ ಮಡಗಾಂವಿಗೆ ಹೋದಳು. ಗುರ್ಕಾರನೆಂದರೆ ವಾಡದ ಕ್ರೈಸ್ತರ ಹಿರಿಯ. ನಾಲ್ಕು ಜನರೆದುರು ಮಾತಾಡಬಲ್ಲವನು, ಪೋಲೀಸರ ಹತ್ತಿರವೂ ಮಾತಾಡಿದ. ಆ ಮನೆಯಲ್ಲಿ ಬೇರೆ ಜನ ಇದ್ದರು. ಹಿಂದಿನವರು ದೇಶ ಬಿಟ್ಟು ಹೋದರು, ಹುಡುಗಿ ಅದಕ್ಕಿಂತ ಮುಂಚೆಯೇ ಎಲ್ಲಿಗೋ ಹೋದಳಂತೆ, ನಮಗೆ ಗೊತ್ತಿಲ್ಲ ಎಂದರು. ಅಷ್ಟೇ. ಒಂದು ಮಗುವಿನ ಬಗ್ಗೆ ಜಗತ್ತು ಮೌಶಿಗೆ ಹೇಳಿದ್ದು ಅಷ್ಟೇ ಮಾತು.

ಅಂದಿನಿಂದ ಮೌಶಿ ದಿನಾ ಸಂಜೆ ನಾಕಾಕ್ಕೆ ಹೋಗಿ ಹಳಿಯಾಳದಿಂದ ಬರುವ ಬಸ್ಸಿಗೆ ಕಾಯತೊಡಗಿದಳು. ಬಸ್ಸು ನಿಂತಾಗ ಕಂಡಕ್ಟರು ಬಾಗಿಲಲ್ಲಿ ಬಾಗಿ, "ಇವತ್ತ ಯಾರೂ ಇಲ್ಲಬೇ" ಎನ್ನುತ್ತಿದ್ದ. ಮೌಶಿ, "ಆತು, ನಾಳಿ ನೋಡೂಣು" ಎನ್ನುತ್ತಿದ್ದಳು. ಕಂಡಕ್ಟರುಗಳು ಬದಲಾದರು, ಆ ಮಾತು ಬದಲಾಗಲಿಲ್ಲ. ಹೊಸಬನು ಬಂದರೆ ಹಳಬನೇ ಅವನಿಗೆ ಹೇಳಿಕೊಟ್ಟು ಹೋಗುತ್ತಿದ್ದನೋ ಏನೋ.

ಇಷ್ಟೇ ಆಗಿದ್ದರೆ ಅದು ಅವಳೊಬ್ಬಳ ದುಃಖವಾಗಿ ಇರುತ್ತಿತ್ತು. ಆದರೆ ನವೆಂಬರಿನ ಮೊದಲಲ್ಲಿ ಸತ್ತವರ ಹಬ್ಬ ಬರುತ್ತದಲ್ಲ, ಅಂದು ಪೂಜೆಯಲ್ಲಿ ಇನಾಸ ಮಾಮ ನಿಂತು ವಾಡದ ಸತ್ತವರ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳುತ್ತಾನೆ. ಹೆಸರು ಹೇಳಿದ ಆತ್ಮಕ್ಕೆ ಎಲ್ಲರ ಪ್ರಾರ್ಥನೆ ಸಿಗುತ್ತದೆ. ಹೇಳದಿದ್ದರೆ ಅದು ಶುದ್ಧವಾಗುವ ಬೆಂಕಿಯಲ್ಲೇ ಇರುತ್ತದೆ ಎಂದು ನಮ್ಮ ಹಳಬರ ನಂಬಿಕೆ. ಪ್ರತಿ ವರ್ಷ ಆ ಹಬ್ಬದ ಹಿಂದಿನ ವಾರ ಮಾಮ ಮೌಶಿಯ ಜಗಲಿಗೆ ಬಂದು ಕೂತು, ಕೆಮ್ಮಿ, ಕೇಳುತ್ತಿದ್ದ.

"ನಾತಾಲಿನ್, ಪೋರಿ ಹೆಸರು ಸೇರ್ಸೂಣೇನು?"

"ಆಕಿ ಸತ್ತದ್ದು ನೀ ನೋಡಿಯೇನು?"

"ಇಲ್ಲವಾ."

"ಹಂಗಾರ ಚಾ ಕುಡುದು ನಡಿ."

ಪಾವ್ಲಿನ್ ಅಂತ ಒಬ್ಬಳಿದ್ದಾಳೆ, ನನ್ನ ವಾರಿಗೆಯವಳೇ. ಅವಳ ಬಾಯಿಗೆ ಬೀಗವಿಲ್ಲ. ನೀರು ತರುವಾಗ ಒಮ್ಮೆ ಮೌಶಿಯ ಮುಖಕ್ಕೇ ಅಂದುಬಿಟ್ಟಳು. "ನೀ ಹಟ ಹಿಡದು ಕುಂದರು. ಆ ಕೂಸು ಅಲ್ಲಿ ಬೆಂಕ್ಯಾಗ ನಿಂತು, ನಮ್ಮವ್ವ ಈ ವರ್ಷರ ನನ್ನ ಹೆಸರು ಹೇಳ್ಸ್ತಾಳೇನೋ ಅಂತ ಕಾಯ್ಲಿ." ಮೌಶಿ ಕೊಡ ಹೊತ್ತುಕೊಂಡೇ ಮನೆಗೆ ನಡೆದಳು. ಆ ರಾತ್ರಿ ತಟ್ಟಿಯ ಆಚೆಯಿಂದ ಅವಳು ಹೊರಳಾಡುವ ಸದ್ದು ನನಗೆ ಕೇಳುತ್ತಿತ್ತು. ಹೆಸರು ಹೇಳಿಸಿದರೆ ಮಗಳನ್ನು ತಾನೇ ಕೊಂದಂತೆ. ಹೇಳಿಸದಿದ್ದರೆ, ಅವಳು ನಿಜವಾಗಿ ಸತ್ತಿದ್ದರೆ, ತಾನೇ ಸುಟ್ಟಂತೆ. ಯಾವ ತಾಯಿಗೂ ಈ ಲೆಕ್ಕ ಬರಬಾರದು.

ಹೀಗಿರುವಾಗ ನಮ್ಮಲ್ಲಿಗೆ ಮಂಗಳೂರು ಕಡೆಯ ಹೊಸ ಫಾದರು ಬಂದರು. ಬಲಿಪೀಠದ ಹಿಂದಿನ ಗೋಡೆ ಮಳೆಗೆ ಒದ್ದೆಯಾಗಿ ಹಸಿರುಗಟ್ಟಿತ್ತು. ಈಸ್ಟರ್ ಕಳೆದ ಭಾನುವಾರ ಪೂಜೆ ಮುಗಿಸಿ ಹೆಂಗಸರನ್ನೆಲ್ಲ ನಿಲ್ಲಿಸಿಕೊಂಡು, ಪರದೆ ಯಾಕೆ ತರಿಸಬೇಕು, ನೀವೇ ಸೇರಿ ಒಂದು ದೊಡ್ಡ ಕೌದಿ ಹೊಲಿಯಬಾರದೇ ಎಂದು ಕೇಳಿದರು.

"ಯಾಕ ಫಾದರ್, ದೇವರಿಗೂ ಥಂಡಿ ಹತ್ತೇತೇನು?" ಎಂದಳು ಪಾವ್ಲಿನ್.

"ದೇವರಿಗೆ ಅಲ್ಲ ಮಾರಾಯ್ತಿ, ಗೋಡೆಗೆ" ಎಂದರು ಫಾದರು.

ನಕ್ಕು ನಕ್ಕು ಒಪ್ಪಿಕೊಂಡೆವು. ಹೇಗೆ ಹೊಲಿಯಬೇಕು ಎಂದು ಗೊತ್ತುಮಾಡಿದವಳು ದುಮಿಂಗಿ ಆಜಿ, ನಮ್ಮಲ್ಲಿ ಎಲ್ಲರಿಗಿಂತ ಹಳಬಳು. ನಮ್ಮ ಕೌದಿಯ ಹೊಲಿಗೆ ಅಂಚಿನಿಂದ ಶುರುವಾಗುತ್ತದೆ. ಒಂದು ಮೂಲೆಯಿಂದ ಹೊರಟು ಸುತ್ತು ಹಾಕುತ್ತ, ತುಂಡು ಬಟ್ಟೆಗಳನ್ನು ಸೇರಿಸುತ್ತ, ಒಳಗೊಳಗೆ ಬಂದು ಕೊನೆಗೆ ನಡುವನ್ನು ಮುಚ್ಚುತ್ತೇವೆ. ಆಜಿ ನೆಲದ ಮೇಲೆ ಕೋಲಿನಿಂದ ಚೌಕ ಗೀರಿ, "ಇದ್ದಾವ್ರು ಹೊರಗಿನ ಸುತ್ತು. ಹ್ವಾದವರು ಒಳಗ, ಶಿಲುಬಿ ಸುತ್ತ. ಶಿಲುಬಿಗೂ ಹ್ವಾದವರ ಬಿಳಿ ಬಟ್ಟಿನ" ಎಂದಳು. ಪ್ರತಿ ಮನೆಯಿಂದ ಇರುವವರದೊಂದು ಬಟ್ಟೆ, ಹೋದವರದೊಂದು ಬಟ್ಟೆ. ಉಟ್ಟು ತೊಟ್ಟು ಹಳತಾದ ಬಟ್ಟೆಯೇ ಆಗಬೇಕು. ಹೊಸ ಬಟ್ಟೆಯನ್ನು ನಾವು ಕೌದಿಗೆ ಹಾಕುವುದಿಲ್ಲ. ಅದು ನೀರಿಗೆ ಬಿದ್ದರೆ ಮುದುಡುತ್ತದೆ, ಬಣ್ಣ ಬಿಡುತ್ತದೆ, ಮೇಲಾಗಿ ಅದರಲ್ಲಿ ಯಾರ ಮೈಯ ಬಿಸಿಯೂ ಇರುವುದಿಲ್ಲ.

ಮುಂದಿನ ಭಾನುವಾರ ಇಗರ್ಜಿಯ ಜಗಲಿಯಲ್ಲಿ ಆಜಿ ಕಾಲು ಚಾಚಿ ಕೂತಳು. ಒಬ್ಬೊಬ್ಬರೇ ಬಂದು ಬಟ್ಟೆ ಕೊಟ್ಟು, ಇದು ಯಾರದು ಎಂದು ಹೇಳಿ ಹೋದರು. ನಾನು ನನ್ನ ಅವ್ವನ ಸೀರೆಯ ಸೆರಗು ಕೊಟ್ಟೆ. ಮೌಶಿ ಬಸ್ತ್ಯಾವನ ಮದುವೆಯ ಧೋತರ ತಂದಿದ್ದಳು, ಬೆಣ್ಣೆಯಂತೆ ಮೆತ್ತಗಾದ ಬಿಳಿ. ಅದು ಶಿಲುಬೆಗೆ ಎಂದಾಯಿತು. ತನ್ನದೊಂದು ನೀಲಿ ಸೀರೆಯ ತುಂಡು ಅಂಚಿಗೆ. ಆಮೇಲೆ ಕುಪ್ಪಸದೊಳಗಿಂದ ಮಡಿಚಿಟ್ಟ ಒಂದು ಕೆಂಪು ಬಟ್ಟೆ ತೆಗೆದಳು. ಜಗಲಿಯಲ್ಲಿದ್ದವರೆಲ್ಲ ಕತ್ತು ಚಾಚಿ ನೋಡಿದರು.

"ಯಾರ್ದು?" ಎಂದಳು ಆಜಿ.

"ರೆಮೆದಿದು. ಫ್ರಾಕಿಂದು. ಆಕಿ ಹೋಗೂ ಮುಂದ ಉಳದದ್ದು."

"ಎಲ್ಲಿ ಹಾಕೂದು?"

"ಹೊರಗಿನ ಸುತ್ತಿಗೆ. ಮೂಲ್ಯಾಗ. ಫುಲಾ ನಾನ ಮಾಡ್ತೀನಿ."

ಬಟ್ಟೆಯನ್ನು ಮಡಿಚಿ ಮಡಿಚಿ ಮೂರುಮೂಲೆ ಮಾಡಿ ಕೌದಿಯ ನಾಲ್ಕೂ ತುದಿಗೆ ಹಚ್ಚುತ್ತೇವೆ, ಅದನ್ನು ಫುಲಾ ಎನ್ನುವುದು. ಅದಿಲ್ಲದ ಕೌದಿ ನಮ್ಮ ಕಣ್ಣಿಗೆ ಬತ್ತಲೆ. ಅಂಥ ಮರ್ಯಾದೆಯ ಜಾಗವನ್ನು ಮೌಶಿ ಮಗಳಿಗೆ ಕೇಳಿದ್ದಳು. ಆಜಿಗೆ ಕಣ್ಣು ಮಂಜು. ಅವಳು ಆ ಕೆಂಪನ್ನು ಎರಡು ಬೆರಳಲ್ಲಿ ಉಜ್ಜಿದಳು, ಮೂಗಿಗೆ ಹಿಡಿದಳು. ಪಾವ್ಲಿನ್ ಬಾಯಿ ತೆರೆದದ್ದೇ ತಡ, "ಪಾವ್ಲಿನ್, ದಾರಕ್ಕ ಮೇಣ ತಿಕ್ಕು ಹೋಗು" ಎಂದು ಗದರಿದಳು. ಆಮೇಲೆ ಬಟ್ಟೆಯನ್ನು ಮೌಶಿಯ ಕೈಗೇ ಕೊಟ್ಟು, "ಹಾಕು" ಎಂದಳು.

ಆ ಮೂಲೆಯಲ್ಲಿ ಮೌಶಿಯ ಪಕ್ಕ ಕೂತು ಹೊಲಿದವಳು ನಾನು. ಹಳೆಯ ಬಟ್ಟೆಯಲ್ಲಿ ಸೂಜಿ ಸದ್ದಿಲ್ಲದೆ ಇಳಿಯುತ್ತದೆ. ಆ ಕೆಂಪಿನಲ್ಲಿ ಅದು ತಡೆಯಿತು, ಬೆರಳಿಗೆ ಅಂಗಡಿಯ ಗಂಜಿ ಹತ್ತಿತು. ಮೌಶಿ ಅದರ ಮೇಲೆ ಮಣ್ಣು ತಿಕ್ಕಿ, ಹಿಸುಕಿ, ಹಳತು ಮಾಡಲು ನೋಡಿದ್ದಳು. ಒಂದು ಸಲ ತೊಳೆದಿದ್ದರೂ ಸಾಕಿತ್ತು, ಆದರೆ ತೊಳೆದರೆ ಆ ಕೆಂಪು ಹೋಗುತ್ತದಲ್ಲ. ಮಗಳು ಬಸ್ಸು ಹತ್ತಿದ ದಿನದ ಕೆಂಪು ಇನ್ನೂ ಅವಳ ಕಣ್ಣಲ್ಲಿತ್ತು, ಅಂಥದನ್ನೇ ಹುಡುಕಿ ತಂದಿದ್ದಳು. ನಾನು ಅವಳ ಮುಖ ನೋಡಿದೆ, ಅವಳು ಸೂಜಿಯಿಂದ ಕಣ್ಣೆತ್ತಲಿಲ್ಲ. ಆ ಕಡೆ ಕೂತು ಹೊಲಿದ ಪ್ರತಿ ಹೆಂಗಸಿಗೂ ಅದು ಗೊತ್ತಾಗಿರಲೇಬೇಕು. ಯಾರೂ ತುಟಿ ಬಿಚ್ಚಲಿಲ್ಲ. ಪಾವ್ಲಿನ್ ಕೂಡ ಬಿಚ್ಚಲಿಲ್ಲ ಎಂದರೆ ತಿಳಿದುಕೊಳ್ಳಿ. ಒಂದು ಮೂಲೆ ತಾನೇ, ಇರಲಿ ಎಂದುಕೊಂಡೆವು.

ಆ ಬೇಸಿಗೆ, ಆ ಮಳೆಗಾಲ ಪೂರ್ತಿ ಭಾನುವಾರ ಮಧ್ಯಾಹ್ನ ಇಗರ್ಜಿಯ ಜಗಲಿಯಲ್ಲಿ ಕೂತು ಹೊಲಿದೆವು. ಮೌಶಿಯನ್ನು ನಾನು ಅಷ್ಟು ಖುಷಿಯಲ್ಲಿ ನೋಡಿದ್ದು ಅದಕ್ಕೆ ಮುಂಚೆ ಇಲ್ಲ, ಆಮೇಲೆ ಅಂತೂ ಇಲ್ಲವೇ ಇಲ್ಲ. ಬರುತ್ತಲೇ ಮೂಲೆಯ ಫುಲಾವನ್ನು ಅಂಗೈಯಿಂದ ಒಮ್ಮೆ ಒತ್ತಿ ಸರಿಮಾಡಿ ಆಮೇಲೆ ಕೂರುತ್ತಿದ್ದಳು. ಹೊಸ ಸೊಸೆಯಂದಿರನ್ನು ಕಾಡುತ್ತಿದ್ದಳು, ಹಳೆಯ ಹಾಡು ಹೇಳುತ್ತಿದ್ದಳು. ಸುತ್ತುಗಳು ಒಳಗೊಳಗೆ ಬಂದವು. ಇರುವವರ ಬಟ್ಟೆ ಮುಗಿದು ಹೋದವರ ಬಟ್ಟೆ ಶುರುವಾದಾಗ ಜಗಲಿಯಲ್ಲಿ ನಗು ಕಡಿಮೆಯಾಯಿತು. ಒಬ್ಬೊಬ್ಬರೂ ತಮ್ಮವರ ಬಟ್ಟೆ ಬಂದಾಗ ಸ್ವಲ್ಪ ಅತ್ತೇ ಹೊಲಿದರು.

ಒಂದು ಭಾನುವಾರ ಇನಾಸ ಮಾಮ ಬಂದು ಮೌಶಿಯ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತ.

"ನಾತಾಲಿನ್, ಈ ಸಲ ಹಬ್ಬದಾಗ ಕೌದಿ ಮುಂದ ನಿಂತ ಹೆಸರು ಹೇಳಾಂವ ಅದೀನಿ. ಒಳಗಿರೂ ಎಲ್ಲಾರ್ದೂ."

"ಹೇಳು. ಯಾರ ಬ್ಯಾಡ ಅಂದಾರ?"

"ನಡುವ ಇನ್ನ ಜಾಗ ಐತಿ. ಮುಚ್ಚಿದ ಮ್ಯಾಲ ಇರೂದಿಲ್ಲ."

ಮೌಶಿ ದಾರವನ್ನು ಹಲ್ಲಿಂದ ಕಡಿದಳು. "ನನ್ನ ಮಗಳು ಹೊರಗಿನ ಸುತ್ತಿನ್ಯಾಗ ಅದಾಳ, ಮಾಮಾ. ಅಲ್ಲೆ ಇರ್ತಾಳ."

ಆತ ಎದ್ದು ಹೋದ. ಅಕ್ಟೋಬರಿನಲ್ಲಿ ನಡುವನ್ನು ಮುಚ್ಚಿದೆವು. ಕೊನೆಯ ಹೊಲಿಗೆ ಆಜಿ ಹಾಕಿದಳು.

ಹೊಲಿದು ಮುಗಿಸಿದ ಕೌದಿಯನ್ನು ಒಮ್ಮೆ ಹಳ್ಳದಲ್ಲಿ ತೊಳೆಯದೆ ನಾವು ಹೊದೆಯುವುದಿಲ್ಲ. ಎಷ್ಟೋ ಕೈ ಮುಟ್ಟಿರುತ್ತದೆ, ನಶ್ಯ, ಎಣ್ಣೆ, ಕಣ್ಣೀರು ಎಲ್ಲ ಹತ್ತಿರುತ್ತದೆ. ಆ ದಿನ ನಾನು, "ಈ ಸಲ ಬ್ಯಾಡ ಬಿಡ್ರಿ, ಭಾಳ ಭಾರ ಆಗ್ತೈತಿ, ಹೆಂಗಿದ್ರೂ ಗ್ವಾಡಿಗೆ ಹಾಕೂದು" ಎಂದು ನೋಡಿದೆ. ಆಜಿಯೂ, "ಹೌದು, ಬ್ಯಾಡ" ಎಂದಳು.

"ತೊಳೀಲಾರದ ಕೌದಿ ದೇವರ ಮನಿಗೇನು?" ಎಂದು ಯಾರೋ ಸೊಸೆ ಕೇಳಿದಳು. ಅವಳು ಆ ಮೂಲೆಯಲ್ಲಿ ಹೊಲಿದವಳಲ್ಲ, ಪಾಪ.

ಎಲ್ಲರೂ ಮೌಶಿಯ ಕಡೆ ನೋಡಿದೆವು, ನೋಡಬಾರದಿತ್ತು. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ, "ತೊಳೀಬೇಕು. ಯಾಕ ತೊಳೀಬಾರದು? ನಡೀರಿ" ಎಂದು ಮುಂದೆ ಹೊರಟಳು. ಬೇಡ ಎಂದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತಿತ್ತು.

ಹಳ್ಳದಲ್ಲಿ ಇನ್ನೂ ಮೊಳಕಾಲಿನವರೆಗೆ ನೀರಿತ್ತು. ಕೌದಿಯನ್ನು ಹರಡಿ ನೀರಿಗೆ ಇಳಿಸಿದೆವು. ಮೌಶಿ ತನ್ನ ಮೂಲೆಯನ್ನು ಯಾರಿಗೂ ಕೊಡಲಿಲ್ಲ. ನೀರು ಹರಿಯುವ ಕಡೆಗೆ ತಾನೇ ನಿಂತಳು. ಅವಳ ಕಾಲಿನ ಹಿಂದೆ ಎಳೆಯಂತೆ ತೆಳ್ಳಗೆ ಕೆಂಪು ಹರಿದುಹೋಗುತ್ತಿದ್ದುದನ್ನು ನಾನು ಕಂಡೆ. ಅದು ಕಾಣದಿರಲೆಂದು ಅವಳು ಸೀರೆ ಹರಡಿ ನಿಂತಿದ್ದಳು. ಉಳಿದವರು ಮೇಲಕ್ಕೆ ನೋಡುತ್ತ, ಈ ಸಲ ಭತ್ತ ಹೇಗಿದೆ ಎಂದು ಮಾತಾಡಿದರು.

ನೀರು ಕುಡಿದ ಕೌದಿ ಎಮ್ಮೆಕರುವಿನಷ್ಟು ಭಾರ. ನಾಲ್ಕು ಮೂಲೆಗೆ ನಾಲ್ಕು ಜನ, ನಡುವೆ ಕೈ ಕೊಟ್ಟವರು ನಾಲ್ಕು ಜನ, ಹೇಗೋ ಎಳೆದು ದಂಡೆಯ ಬಂಡೆಯ ಮೇಲೆ ಹಾಕಿದೆವು. ಹಿಡಿದಿದ್ದ ಮೂಲೆಗಳನ್ನು ಹಾಗೇ ಒಳಗೆ ಚೆಲ್ಲಿ, ನೀರು ಬಸಿಯಲಿ ಎಂದು ಬಿಟ್ಟು ನೆರಳಿಗೆ ಹೋದೆವು. ಗಂಜಿ, ಒಣಮೀನಿನ ಚಟ್ನಿ ತಂದಿದ್ದೆವು. ಮೌಶಿ ಉಣ್ಣಲಿಲ್ಲ. ನಶ್ಯದ ಡಬ್ಬಿ ತೆಗೆದಳು, ಮುಚ್ಚಿದಳು.

ಊಟ ಮುಗಿಸಿ ಬಂದು ಒಣಹಾಕಲು ಕೌದಿ ಬಿಡಿಸಿದೆವು. ಮೂರು ಮೂಲೆ ಬಿಡಿಸಿದಾಗ ಏನಿಲ್ಲ. ನಾಲ್ಕನೆಯದನ್ನು ಎತ್ತಿದ್ದು ಪಾವ್ಲಿನ್. ಎತ್ತಿದವಳು ಹಾಗೇ ನಿಂತುಬಿಟ್ಟಳು. ಒಳಕ್ಕೆ ಬಿದ್ದಿದ್ದ ಆ ಕೆಂಪು ಫುಲಾ ನಡುವಿನವರೆಗೆ ಮುಟ್ಟಿತ್ತು. ಅದರ ಬಣ್ಣವೆಲ್ಲ ಶಿಲುಬೆಯ ಬುಡಕ್ಕೆ ಇಳಿದಿತ್ತು. ಅಲ್ಲಿದ್ದದ್ದು ಬಸ್ತ್ಯಾವನ ಧೋತರ.

"ಅಪ್ಪನ ಹತ್ರ ಹೋಗ್ಯಾಳ" ಎಂದಳು ಪಾವ್ಲಿನ್. ಅಂದು ಅವಳ ಮಾತಲ್ಲಿ ಚುಚ್ಚುವುದು ಏನೂ ಇರಲಿಲ್ಲ. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. "ತಾನ ಎದ್ದು ಹ್ವಾದವರ ಕಡೆ ಹೋಗ್ಯಾಳ ನೋಡ್ರಿ."

ಒಬ್ಬರಾದ ಮೇಲೆ ಒಬ್ಬರು ಶಿಲುಬೆಯ ಗುರುತು ಹಾಕಿಕೊಂಡರು. ಸೊಸೆಯರು ಅಳತೊಡಗಿದರು. ಮೌಶಿ ಮಾತ್ರ ಬಾಗಿ ಆ ಕಲೆಯನ್ನೇ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಸುಮ್ಮನಿರುವ ಬಾಯಿ ನನ್ನದಲ್ಲ, ಅಂದು ಸುಮ್ಮನಿರುವುದು ಪಾಪ ಎಂದೇ ಅನ್ನಿಸಿತು.

"ಏನ ಹುಚ್ಚ ಹಿಡದೈತೇನ ನಿಮಗ? ಹೊಸಾ ಬಟ್ಟಿ ಅದು. ಹೊಲಿಯೂ ಮುಂದ ಎಲ್ಲಾರ ಬೆರಳಿಗೂ ಗಂಜಿ ಹತ್ತೇತಿ, ಯಾರಿಗೆ ಗೊತ್ತಿಲ್ಲ ಹೇಳ್ರಿ? ಬಣ್ಣ ಬಿಟ್ಟೈತಿ, ಅಷ್ಟ. ಯಾರೂ ಎಲ್ಲೂ ಹೋಗಿಲ್ಲ."

 ಆಜಿ ನನ್ನ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡಳು. ಮೌಶಿ ನೆಟ್ಟಗಾದಳು.

"ಹೊಸಾದು ಅಂತ ನನಗ ಗೊತ್ತಿಲ್ಲೇನ ಜೂನಾ? ತಂದಾಕಿ ನಾನ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಆಕಿದು ಅಂತ ನನ್ನ ಹತ್ರ ಏನೈತಿ? ಅಂಗಳದಾಗ ಒಗದು ಹೋದ ಲಂಗ ಒಂದಿತ್ತು. ಅದನ್ನ ಒಲಿ ಬಟ್ಟಿ ಮಾಡ್ಕೊಂಡೆ. ಗಡಗಿ ಇಳಿಸಿ ಇಳಿಸಿ, ಕರಕಾಗಿ, ಹರದು ಹೋತು. ಬರ್ತಾಳಲ್ಲ, ಹೊಸಾದು ಹಾಕ್ಕೊಂಡ ಬರ್ತಾಳ, ಇದ್ಯಾಕ ಅಂತ. ಒಂದು ಎಳಿ ಉಳೀಲಿಲ್ಲ."

ಮತ್ತೆ ಬಾಗಿ ಆ ಕಲೆಯ ಮೇಲೆ ಕೈಯಾಡಿಸಿದಳು.

"ಇಷ್ಟ ಅಗಲ ಕೌದಿ ಐತಿ" ಎಂದಳು ಮೌಶಿ. "ಅಲ್ಲೇ ಯಾಕ ಬೀಳಬೇಕಿತ್ತು?"

"ನಾವ ಮೂಲಿ ಹಂಗ ಒಗದ್ವಿ ಮೌಶಿ. ಒಳಗ ಬಿದ್ವು, ಮತ್ತೇನಿಲ್ಲ. ಅದರಾಗ ದೇವರ ಕೈ ಏನೂ ಇಲ್ಲ."

"ಹೂಂ. ನಾವ ಒಗದ್ವಿ." ಅವಳು ಬಂಡೆಯ ಅಂಚಿಗೆ ಕೂತಳು. ನಾನು ಪಕ್ಕ ಕೂತೆ. ನನಗೆ ಮಾತ್ರ ಕೇಳುವಂತೆ ಅಂದಳು. "ಸಾಕಾಗೈತಿ ಜೂನಾ. ದಿನಾ ಆ ಬಸ್ಸಿಗೆ ಹೋಗಿ ಹೋಗಿ ಸಾಕಾಗೈತಿ. ಒಂದ್ ನೆವ ಬೇಕಾಗಿತ್ತು ನನಗ. ನೀ ಅದನ್ನೂ ಕಸಗೋಬ್ಯಾಡ."

ನಾನು ಅವಳ ಕೈ ಹಿಡಿದುಕೊಂಡೆ.  ಪಾವ್ಲಿನ್ ಅಂದದ್ದನ್ನು ಅವಳು ನಂಬಿದಳೆಂದು ನನಗೆ ಅನಿಸಲಿಲ್ಲ. ನಂಬಿದ್ದರೆ ಸಮಾಧಾನವಾದರೂ ಇರುತ್ತಿತ್ತು. ಮಗಳು ಸತ್ತ ಸುದ್ದಿಯೂ ಬರದ ತಾಯಿ, ಮಗಳದ್ದಲ್ಲದ ಬಟ್ಟೆಯ ಬಣ್ಣವನ್ನು ಸುದ್ದಿ ಎಂದು ತೆಗೆದುಕೊಂಡಳು. ಅದಕ್ಕಿಂತ ಹೆಚ್ಚಿನದು ಅವಳಿಗೆ ಸಿಗುವ ಹಾಗಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಬಂಡೆಯಿಂದ ಎದ್ದು ಅವಳು ಎಲ್ಲರಿಗೂ ಕೇಳುವಂತೆ, "ಪಾವ್ಲಿನ್, ಹೋಗೂ ಮುಂದ ಇನಾಸ ಮಾಮಗ ಹೇಳು. ಈ ವರ್ಷ ಆಕಿ ಹೆಸರ ಹೇಳ್ಲಿ" ಎಂದಳು. ಪಾವ್ಲಿನ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೂಂ ಎಂದಳು.

ಕಲೆಯನ್ನು ಸಾಬೂನು, ನಿಂಬೆಹಣ್ಣು, ಸೀಗೆ ಎಲ್ಲ ಹಾಕಿ ತಿಕ್ಕಿದೆವು. ಹೋಗಲಿಲ್ಲ. ಮೂಲೆಯ ಫುಲಾ ಮಾತ್ರ ಬಣ್ಣ ಕಳೆದುಕೊಂಡು, ಬಿಸಿಲಿಗೆ ಒಣಗಿದ ಮೇಲೆ ಮಾಸಲು ಗುಲಾಬಿಯಾಗಿ ಮುದುಡಿ ಕೂತಿತು. ಫಾದರಿಗೆ ಹೇಗೆ ಹೇಳುವುದೆಂದು ಹೆದರಿದ್ದೆವು. ಅವರು ನೋಡಿ ಕಣ್ಣು ತುಂಬಿಕೊಂಡು, ಶಿಲುಬೆಯ ಬುಡದಲ್ಲಿ ರಕ್ತ ಹಾಕಬೇಕೆಂದು ಯಾರಿಗೆ ಹೊಳೆಯಿತು ಎಂದು ಕೇಳಿದರು.  ಸತ್ತವರ ಹಬ್ಬದ ದಿನ ಅದರ ಮೇಲೇ ಪ್ರವಚನ ಮಾಡಿದರು. ಒಳ್ಳೆಯ ಮನುಷ್ಯ, ಅವರ ತಪ್ಪೇನೂ ಇಲ್ಲ. ಆದರೂ ಎದ್ದು ಹೊರಗೆ ಹೋಗಬೇಕು ಎನ್ನಿಸಿತ್ತು ನನಗೆ.

ಆಮೇಲೆ ಇನಾಸ ಮಾಮ ಕೌದಿಯ ಮುಂದೆ ನಿಂತು ಹೆಸರು ಹೇಳತೊಡಗಿದ. ಬಸ್ತ್ಯಾವನ ಹೆಸರು ಬಂತು. ಅದರ ಬೆನ್ನಿಗೆ, ಸ್ವಲ್ಪ ತಡೆದು, "ಬಸ್ತ್ಯಾವನ ಮಗಳು ರೆಮೆದಿ" ಎಂದ. ಎಲ್ಲರೂ ಒಟ್ಟಿಗೆ, ಅವಳಿಗೆ ನಿತ್ಯ ವಿಶ್ರಾಂತಿ ಕೊಡು ಸ್ವಾಮಿ ಎಂದೆವು. ಮೌಶಿಯೂ ಎಂದಳು. ಅವಳ ದನಿ ಎಲ್ಲರಿಗಿಂತ ಸ್ವಲ್ಪ ತಡವಾಗಿ ಬಂತು.

ಪೂಜೆ ಬಿಟ್ಟ ಮೇಲೆ ಎಲ್ಲರೂ ಸಿಮಿತ್ರಿಗೆ ಹೋಗಿ ತಮ್ಮವರ ಗೋರಿಯ ಮೇಲೆ ಮೇಣದ ಬತ್ತಿ ಹಚ್ಚಿದೆವು. ಮೌಶಿ ಎರಡು ಬತ್ತಿ ತಂದಿದ್ದಳು. ಒಂದನ್ನು ಬಸ್ತ್ಯಾವನ ಗೋರಿಗೆ ಹಚ್ಚಿ, ಇನ್ನೊಂದನ್ನು ಕೈಯಲ್ಲೇ ಹಿಡಿದುಕೊಂಡು ಸುತ್ತ ನೋಡಿದಳು.

"ಇಲ್ಲೇ ಹಚ್ಚ ಮೌಶಿ, ಅಪ್ಪನ ಬಾಜೂಕ" ಎಂದೆ.

"ಆಕಿ ಇಲ್ಲಿ ಇಲ್ಲಲ್ಲ" ಎಂದು ಬತ್ತಿಯನ್ನು ಸೆರಗಿಗೆ ಕಟ್ಟಿಕೊಂಡಳು.

ಸಂಜೆ ಅವಳ ಬಾಗಿಲು ಎಳೆದ ಸದ್ದು ಕೇಳಿ ನಾನೂ ಹಿಂದೆ ಹೊರಟೆ. ಅವಳು ನಾಕಾಕ್ಕೇ ಹೋದಳು. ಬಸ್ಸು ನಿಲ್ಲುವ ಜಾಗದಲ್ಲಿ ಒಂದು ಮೈಲಿಗಲ್ಲಿದೆ. ಅದರ ಬುಡದ ಕಸ ಕೈಯಲ್ಲಿ ಸರಿಸಿ, ಬತ್ತಿ ನಿಲ್ಲಿಸಿ, ನನ್ನ ಹತ್ತಿರ ಕಡ್ಡಿಪೆಟ್ಟಿಗೆ ಕೇಳಿದಳು. ಕೊಟ್ಟೆ. ಹಚ್ಚಿ ಅದರ ಹತ್ತಿರ ಕೂತಳು. ಮಗಳನ್ನು ಅವಳು ಕೊನೆಗೆ ಕಂಡದ್ದು ಅಲ್ಲೇ. ಬೇರೆ ಗೋರಿ ಎಲ್ಲಿಂದ ತರುವುದು?

ಬಸ್ಸು ಬಂತು. ದೀಪ ಕಂಡು ಡ್ರೈವರು ಸ್ವಲ್ಪ ಆಚೆಗೆ ನಿಲ್ಲಿಸಿದ. ಕಂಡಕ್ಟರು ಬಾಗಿಲಲ್ಲಿ ಬಾಗಿ ಎಂದಿನಂತೆ ಕೂಗಿದ.

"ಇವತ್ತ ಯಾರೂ ಇಲ್ಲಬೇ."

ಮೌಶಿ ಬತ್ತಿಗೆ ಗಾಳಿ ತಾಗದಂತೆ ಎರಡೂ ಕೈ ಅಡ್ಡ ಹಿಡಿದಿದ್ದಳು. ತಲೆ ಎತ್ತದೆ ಹೇಳಿದಳು.

"ಗೊತ್ತೈತಿ ತಮ್ಮಾ."

ಅವನು ನಾಳೆ ನೋಡೋಣ ಎಂಬ ಮಾತಿಗೆ ಕಾದು ನಿಂತ. ಅದು ಬರಲಿಲ್ಲ. ಬಸ್ಸಿನೊಳಗಿಂದ ಯಾರೋ, ಯಾಕೆ ಹೊರಡುತ್ತಿಲ್ಲ ಎಂದು ಕೇಳಿದರು. ಆಮೇಲೆ ಅವನು ಸೀಟಿ ಊದಿದ.